ಹಿಟ್ಟೋ ತಪ್ಪೋ

ನಾನು ಒಂದು ಕೈಗವಸು. ಎಡಗೈಯದು. ನನಗೆ ಜೋಡಿ ಇಲ್ಲ. ಕಳೆದುಹೋಗಿದೆ ಎಂದಲ್ಲ, ಇರಲೇ ಇಲ್ಲ. ಚಪ್ಪಲಿ, ಎತ್ತು, ಓಲೆ ಎಲ್ಲವನ್ನೂ ಜೋಡಿಯಾಗಿ ಕಂಡು ಅಭ್ಯಾಸವಾದವರು ನನ್ನನ್ನು ನೋಡಿ ಕನಿಕರ ಪಡುತ್ತಾರೆ. ಅದರ ಅಗತ್ಯವಿಲ್ಲ. ಒಂದು ಕೈ ಹಿಡಿಯುವುದಕ್ಕೆ, ಇನ್ನೊಂದು ಎಸೆಯುವುದಕ್ಕೆ ಎಂದು ಹಂಚಿಕೊಂಡ ಆಟಕ್ಕಾಗಿ ನನ್ನನ್ನು ಮಾಡಿದರು.

ಹುಟ್ಟಿದ್ದು ಜಲಂಧರದ ಒಂದು ತಗಡಿನ ಶೆಡ್ಡಿನಲ್ಲಿ. ಅದಕ್ಕೂ ಮೊದಲು ಎಮ್ಮೆಯ ಬೆನ್ನಾಗಿದ್ದೆನಂತೆ. ಆ ಜನ್ಮದ ನೆನಪು ನನಗಿಲ್ಲ. ಮಳೆಯಲ್ಲಿ ನೆಂದಾಗ ಮಾತ್ರ ಮೈ ಭಾರವಾಗಿ, ಎಲ್ಲಾದರೂ ಕೆಸರಿನಲ್ಲಿ ಮಲಗಿಬಿಡಬೇಕು ಅನ್ನಿಸುತ್ತದೆ. ಚರ್ಮ ಕತ್ತರಿಸಿದವನೊಬ್ಬ, ಹೊಲಿದವನೊಬ್ಬ, ಬೆರಳುಗಳ ನಡುವೆ ಚರ್ಮದ ದಾರ ಹೆಣೆದವನೊಬ್ಬ. ಕೊನೆಗೆ ಒಬ್ಬ ಮುದುಕ ನನ್ನ ಅಂಗೈಗೆ ಬಲವಾಗಿ ಗುದ್ದಿ, ತಲೆಯಾಡಿಸಿ, ಪೆಟ್ಟಿಗೆಗೆ ಎಸೆದ. ಹುಟ್ಟಿದ ಕೂಸಿನ ಬೆನ್ನಿಗೆ ಬಡಿಯುತ್ತಾರಲ್ಲ, ಹಾಗೆ. ನಾನು ಅಳಲಿಲ್ಲ. ನನಗೆ ಬಾಯಿಲ್ಲ.

ಮೈಸೂರಿನ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ ಬಹಳ ಕಾಲ ನೇತಾಡಿದೆ. ಒಂದು ದಿನ ಬಿಳಿ ಅಂಗಿಯ, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ಬಂದು ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇನ್ನೊಂದು ಕೈಯ್ದು ಕೊಡಲ್ವಾ?"

ಅಂಗಡಿಯವನು ನಕ್ಕ. "ಈ ಆಟಕ್ಕೆ ಒಂದೇ ಕೈ ಸ್ವಾಮಿ."

"ಒಂದೇ ಕೈಗೆ ಇಷ್ಟು ರೇಟಾ?" ಎಂದು ಅವನು ಗೊಣಗಿದ. ಆಮೇಲೆ ತನ್ನ ಕರವಸ್ತ್ರದಿಂದ ನನ್ನ ಮೇಲಿನ ಧೂಳು ಒರೆಸಿ ಚೀಲಕ್ಕೆ ಹಾಕಿಕೊಂಡ. ಅವನೇ ಮರಿಸ್ವಾಮಿ.

ಮರಿಸ್ವಾಮಿ ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ತೂಕದ ಮನೆಯವನು. ಕಬ್ಬಿನ ಗಾಡಿಗಳು ಅವನ ಕಟ್ಟೆಯ ಮೇಲೆ ನಿಂತು ಹೋಗಬೇಕು. ತೂಕದ ಮುಳ್ಳಿನ ವಿಷಯದಲ್ಲಿ ಅವನು ಯಾರ ಮುಲಾಜಿಗೂ ಬಿದ್ದವನಲ್ಲ. ಒಮ್ಮೆ ಹೆಂಡತಿಯ ಅಣ್ಣನ ಗಾಡಿಯಲ್ಲಿ ಕಬ್ಬಿಗಿಂತ ಸೋಗೆಯೆಲೆ ಹೆಚ್ಚಿದೆ ಎಂದು ತೂಕ ಕಡಿತ ಮಾಡಿದ್ದ. ಆ ಭಾವಮೈದುನ ಆಮೇಲೆ ಎಷ್ಟೋ ವರ್ಷ ಅವರ ಮನೆಯ ನೀರು ಕುಡಿಯಲಿಲ್ಲ. ಊರಿನವರು ಈ ಕತೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಮರಿಸ್ವಾಮಿಯ ಹೆಂಡತಿ ಜಯಮ್ಮ ಮಾತ್ರ ಆ ಕತೆ ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದಳು.

ನನ್ನನ್ನು ತಂದದ್ದು ಮಗಳು ಪ್ರಭಾಮಣಿಗೆ. ಕಾರ್ಖಾನೆಯ ಕಾಲೋನಿಯ ಹುಡುಗಿಯರೆಲ್ಲ ಸಾಫ್ಟ್‌ಬಾಲ್ ಆಡುತ್ತಿದ್ದ ಕಾಲ ಅದು. ಬೇಸ್‌ಬಾಲಿನ ತಂಗಿಯಂಥ ಆಟ. ಚೆಂಡು ಸ್ವಲ್ಪ ದೊಡ್ಡದು, ಮೈದಾನ ಸ್ವಲ್ಪ ಚಿಕ್ಕದು. ಯಾರೋ ಒಬ್ಬ ದೈಹಿಕ ಶಿಕ್ಷಕಿ ಶುರುಮಾಡಿ, ವರ್ಗವಾಗಿ ಹೋಗಿ, ಆಟವನ್ನು ಇಲ್ಲೇ ಬಿಟ್ಟುಹೋಗಿದ್ದರು. ಕಾರ್ಖಾನೆಯ ಹಿಂದೆ, ಕಬ್ಬಿನ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಮೈದಾನ. ಮೈದಾನದ ಒಂದು ಮೂಲೆಯನ್ನು ಸೀಳಿಕೊಂಡು ಎತ್ತಿನ ಗಾಡಿಗಳ ಜಾಡು ಹೋಗುತ್ತಿತ್ತು. ಗಾಳಿಯಲ್ಲಿ ಯಾವಾಗಲೂ ಸಕ್ಕರೆ ತೆಗೆದು ಉಳಿದ ಕಪ್ಪು ಪಾಕದ, ಕಾಕಂಬಿಯ ವಾಸನೆ. ಆ ವಾಸನೆ ನನ್ನ ಮೈಗೂ ಹತ್ತಿ, ಎಲ್ಲಿಟ್ಟರೂ ಇರುವೆಗಳು ನನ್ನ ಬೆರಳೊಳಗೆ ನುಗ್ಗುತ್ತಿದ್ದವು. ಆಟಕ್ಕೆ ಮೊದಲು ಪ್ರಭಾ ನನ್ನನ್ನು ಮೊಣಕಾಲಿಗೆ ಬಡಿದು ಇರುವೆ ಉದುರಿಸುತ್ತಿದ್ದಳು. ಎದುರು ತಂಡದವರು ಅದನ್ನು ಏನೋ ಶಕುನದ ಶಾಸ್ತ್ರ ಎಂದುಕೊಂಡಿದ್ದರು.

ಮೊದಲ ವಾರ ನಾನು ಹಲಗೆಯ ಹಾಗೆ ಗಡಸಾಗಿದ್ದೆ. ಅವಳು ಹರಳೆಣ್ಣೆ ಹಚ್ಚಿ, ನನ್ನ ಹೊಟ್ಟೆಯಲ್ಲಿ ಚೆಂಡಿಟ್ಟು ಹಳೆಯ ಲಂಗದ ಲಾಡಿಯಿಂದ ಕಟ್ಟಿ ಹಾಸಿಗೆಯ ಕೆಳಗೆ ಇಡುತ್ತಿದ್ದಳು. ಜಯಮ್ಮ ನನ್ನನ್ನು ಕಂಡರೆ ಮೂಗು ಮುಚ್ಚುತ್ತಿದ್ದಳು.

"ಆ ಎಮ್ಮೆ ಕೈಯ ಒಲೆ ತಾವ್ಕೆ ತರಬ್ಯಾಡ ಅಂದಿಲ್ವಾ ಪ್ರಭಾ? ಮಗೀಗೆ ಎಣ್ಣೆ ತಿಕ್ದಂಗೆ ತಿಕ್ತಾಳೆ, ನೋಡು."

ಹೀಗೆ ನಾನು ಮೆತ್ತಗಾದೆ. ನನ್ನೊಳಗಿನ ಕತ್ತಲೆ ಅವಳ ಬೆರಳಿನ ಆಕಾರ ಪಡೆಯಿತು. ಸಂಜೆ ತಂದೆ ಹಿತ್ತಲಿನಲ್ಲಿ ನಿಂತು ಚೆಂಡು ಎಸೆಯುತ್ತಿದ್ದ. ಗೋಡೆಗೆ, ಕಲ್ಲಿಗೆ, ಬಟ್ಟೆ ಒಗೆಯುವ ಚಪ್ಪಡಿಗೆ ಬಡಿದು ಎಲ್ಲೆಲ್ಲಿಗೋ ಹಾರುವ ಹಾಗೆ ಬೇಕೆಂದೇ ಎಸೆಯುತ್ತಿದ್ದ. ಅವಳು ನೆಗೆದು, ಉರುಳಿ, ಹೇಗೋ ನನ್ನನ್ನು ಚೆಂಡಿನ ದಾರಿಗೆ ಒಡ್ಡುತ್ತಿದ್ದಳು. ಹಿಡಿದಾಗ ಅವನು ಶಹಬ್ಬಾಸ್ ಎನ್ನುತ್ತಿರಲಿಲ್ಲ. "ಹೂಂ" ಎನ್ನುತ್ತಿದ್ದ. ಆ "ಹೂಂ" ಕೇಳಲು ಅವಳು ಮಂಡಿ ತರಚಿಕೊಳ್ಳುತ್ತಿದ್ದಳು.

ಅವಳದು ಶಾರ್ಟ್‌ಸ್ಟಾಪ್ ಎಂಬ ಜಾಗ. ಹೊಡೆದವಳು ಓಡಿ ಮುಟ್ಟಬೇಕಾದ ಬೇಸ್ ಎಂಬ ಗುರುತುಗಳಲ್ಲಿ ಎರಡನೆಯ ಮತ್ತು ಮೂರನೆಯದರ ನಡುವೆ ನಿಂತು, ನೆಲದ ಮೇಲೆ ಸಿಡಿದು ಬರುವ ಚೆಂಡನ್ನೆಲ್ಲ ತಡೆಯುವ ಕೆಲಸ. ಚೆಂಡು ಹಾಕುವವಳು, ಅಂದರೆ ಪಿಚರ್, ಅವಳ ಗೆಳತಿ ತಬಸ್ಸುಮ್. ಕಾರ್ಖಾನೆಯ ಲೇತ್ ಆಪರೇಟರನ ಮಗಳು, ಪಕ್ಕದ ಸಾಲಿನ ಮನೆ. ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಮೈದಾನಕ್ಕೆ ಬರುತ್ತಿದ್ದರು. ನಾನು ಹ್ಯಾಂಡಲಿನಲ್ಲಿ ತೂಗಾಡುತ್ತಿದ್ದೆ.

ಈ ಆಟದಲ್ಲಿ ಬರೆಯುವವನೊಬ್ಬ ಬೇಕು. ಬ್ಯಾಟು ಬೀಸಿದವಳು ಬೇಸ್ ಮುಟ್ಟಿದಳು ಅನ್ನಿ. ಅದು ಅವಳ ಹೊಡೆತದ ಬಲದಿಂದಲೋ, ಹಿಡಿಯಬೇಕಾದವಳ ಕೈ ಜಾರಿದ್ದರಿಂದಲೋ? ಮೊದಲನೆಯದಾದರೆ ಹಿಟ್, ಎರಡನೆಯದಾದರೆ ಎರರ್. ಆಟದ ಗೆಲುವು ಸೋಲು ಇದರಿಂದ ಬದಲಾಗುವುದಿಲ್ಲ. ಮಾನ ಯಾರಿಗೆ, ಅವಮಾನ ಯಾರಿಗೆ ಎಂಬುದು ಮಾತ್ರ ನಿರ್ಧಾರವಾಗುತ್ತದೆ. ಅಂಪೈರ್ ಅಲ್ಲ, ಬದಿಯಲ್ಲಿ ಕುಳಿತ ಸ್ಕೋರರ್ ಅದನ್ನು ಹೇಳಬೇಕು. ಕಾಲೋನಿಯಲ್ಲಿ ಆ ಕುರ್ಚಿಗೆ ಮರಿಸ್ವಾಮಿಯನ್ನು ಬಿಟ್ಟು ಬೇರೆ ಯಾರ ಹೆಸರೂ ಬರಲಿಲ್ಲ. ಅವನು ನಿಯಮದ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿ, ಎರರ್ ಎಂದರೆ ಯಾರಿಗೆ ಅರ್ಥವಾಗುತ್ತದೆ ಎಂದು ಮೈಕಿನಲ್ಲಿ "ತಪ್ಪು" ಎಂದು ಕೂಗತೊಡಗಿದ. "ಶಾರ್ಟ್‌ಸ್ಟಾಪ್, ತಪ್ಪು." "ಮೂರನೇ ಬೇಸು, ತಪ್ಪು." ಹಿಟ್ ಎಂಬುದು ನಮ್ಮ ಜನರ ಬಾಯಲ್ಲಿ ತಾನಾಗಿಯೇ "ಹಿಟ್ಟು" ಆಯಿತು. ಮುದ್ದೆ ಉಣ್ಣುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪದ ಬೇರೆ ಯಾವುದಿದೆ? ಹೊಡೆದವಳಿಗೆ ಹಿಟ್ಟು ಸಿಕ್ಕಿತು. ಒಂದೂ ಹಿಟ್ಟು ಕೊಡದೆ ಪಿಚರ್ ಇಡೀ ಆಟ ಮುಗಿಸಿದರೆ ಅದಕ್ಕೆ "ಉಪವಾಸ" ಎಂಬ ಹೆಸರಾಯಿತು. ಎದುರು ತಂಡವನ್ನು ಉಪವಾಸ ಕೆಡವುವುದು ಪಿಚರ್ ಒಬ್ಬಳ ಬಾಳಿನಲ್ಲಿ ಬರಬಹುದಾದ ಬಲು ದೊಡ್ಡ ದಿನ. ತಬಸ್ಸುಮ್‌ಗೆ ಅದು ಇನ್ನೂ ಬಂದಿರಲಿಲ್ಲ.

ಆಟ ಮುಗಿದ ಮೇಲೆ ಗೇಟಿನ ಎದುರು ಕೆಂಪಣ್ಣನ ಕ್ಯಾಂಟೀನಿನಲ್ಲಿ ಎರಡನೆಯ ಆಟ. ಹುಡುಗಿಯರು ಒಳಗೆ ಬೆಂಚಿನ ಮೇಲೆ ಟೀ ಕುಡಿಯುವರು; ಹೊರಗೆ ಗಂಡಸರು ಪ್ರತಿಯೊಂದು ತೀರ್ಪನ್ನೂ ಮತ್ತೆ ತೂಗುವರು. ಕೆಂಪಣ್ಣ ಯಾವಾಗಲೂ ಹಿಟ್ಟಿನ ಕಡೆ. ಫಿಟ್ಟರ್ ಅಂತೋಣಿ ಯಾವಾಗಲೂ ತಪ್ಪಿನ ಕಡೆ.

"ಗ್ಲೌಸಿಗೆ ತಗುಲ್ತೋ ಇಲ್ವೋ? ತಗುಲ್ತು ಅಂದ್ಮೇಲೆ ತಪ್ಪು. ಮುಗೀತು," ಎನ್ನುವನು ಅಂತೋಣಿ.

"ಲೇ, ಗುಂಡು ತಗುಲ್ದೋನು ಗುಂಡು ಹಿಡೀಲಿಲ್ಲ ಅಂತ ಅವನದೇ ತಪ್ಪು ಅಂತೀಯಾ?" ಎನ್ನುವನು ಕೆಂಪಣ್ಣ.

ಆಗ ಮರಿಸ್ವಾಮಿ ಪುಸ್ತಕದ ಮಾತು ಹೇಳುವನು. ತಗುಲುವುದು ಬಿಡುವುದು ಮುಖ್ಯವಲ್ಲ. ಸಾಧಾರಣ ಆಟಗಾರ್ತಿ ಸಾಧಾರಣ ಶ್ರಮದಿಂದ ಹಿಡಿಯಬಹುದಿತ್ತೇ ಎಂಬುದಷ್ಟೇ ಪ್ರಶ್ನೆ. "ಸಾಧಾರಣ ಶ್ರಮ" ಎನ್ನುವಾಗ ಅವನು ಎರಡು ಬೆರಳು ಎತ್ತಿ ಗಾಳಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಎಲ್ಲರೂ ಸ್ವಲ್ಪ ಹೊತ್ತು ಆ ಗೆರೆಯನ್ನೇ ನೋಡುತ್ತಿದ್ದರು.

ಒಂದು ವರ್ಷ ವಲಯದ ಫೈನಲ್ ನಮ್ಮ ಮೈದಾನಕ್ಕೆ ಬಂತು. ರಾಜ್ಯ ತಂಡದ ಶಿಬಿರಕ್ಕೆ ಹುಡುಗಿಯರನ್ನು ಆರಿಸಲು ಇಬ್ಬರು ಬಂದು ಶಾಮಿಯಾನದ ಕೆಳಗೆ ಕುಳಿತಿದ್ದರು. ರಾಜ್ಯಕ್ಕೆ ಆಡಿದರೆ ರೈಲ್ವೆಯಲ್ಲಿ ಕೆಲಸ ಸಿಗುತ್ತದೆಂಬ ಮಾತಿತ್ತು. ಪ್ರಭಾ ಆ ವಾರವೆಲ್ಲ ಮಾತು ಕಡಿಮೆ ಮಾಡಿದ್ದಳು. ನನಗೆ ಎಣ್ಣೆ ಹಚ್ಚುವಾಗ ಮಾತ್ರ ತಬಸ್ಸುಮ್‌ಗೆ ಒಮ್ಮೆ ಹೇಳಿದಳು: "ಹೋಗಬೇಕು ಕಣೆ. ಈ ಕಾಕಂಬಿ ವಾಸನೆ ಬಿಟ್ಟು ಬೇರೆ ವಾಸನೆ ನೋಡಬೇಕು."

ಆಟ ನಡೆಯಿತು. ತಬಸ್ಸುಮ್‌ಳ ಕೈ ಅಂದು ಹೇಗಿತ್ತೆಂದರೆ ಎದುರಿನವರ ಬ್ಯಾಟು ಗಾಳಿಗಷ್ಟೇ ತಗುಲುತ್ತಿತ್ತು. ಕಾರ್ಖಾನೆಯ ಪಾಳಿ ಬಿಟ್ಟ ಜನವೆಲ್ಲ ಸಿಪ್ಪೆಯ ರಾಶಿ ಹತ್ತಿ ಕುಳಿತರು. ಕೊನೆಯ ಇನಿಂಗ್ಸಿಗೆ ಬರುವಾಗ ಯಾರೂ ಬಾಯಿ ಬಿಟ್ಟು ಹೇಳದ ಪದ ಎಲ್ಲರ ಬಾಯಲ್ಲೂ ಇತ್ತು. ಉಪವಾಸ.

ಆಗ ಒಬ್ಬಳು ಉದ್ದನೆಯ ಹುಡುಗಿ ಬ್ಯಾಟು ಬೀಸಿದಳು. ಚೆಂಡು ನೆಲಕ್ಕಂಟಿ ನಮ್ಮ ಬಲಗಡೆ ಸಿಡಿಯಿತು. ಪ್ರಭಾ ಓಡಿದಳು, ಹಾರಿದಳು, ತೋಳನ್ನು ಮೈಗೆ ಅಡ್ಡಲಾಗಿ ಚಾಚಿ ನನ್ನನ್ನು ತಿರುಗಿಸಿ ಒಡ್ಡಿದಳು. ಚೆಂಡು ನೇರ ನನ್ನೊಳಗೆ ಬರುತ್ತಿತ್ತು. ಒಂದು ಗೇಣು ದೂರದಲ್ಲಿ ಅದು ಗಾಡಿ ಜಾಡಿನ ಅಂಚಿಗೆ ಬಡಿದು ಮೇಲಕ್ಕೆ ನೆಗೆಯಿತು. ನನ್ನ ಬೆರಳ ತುದಿಯ ದಾರಕ್ಕೆ ಉಜ್ಜಿ, ದಿಕ್ಕು ಬದಲಿಸಿ, ಹುಲ್ಲಿಗೆ ಉರುಳಿತು. ಉದ್ದನೆಯ ಹುಡುಗಿ ಮೊದಲ ಬೇಸ್ ಮುಟ್ಟಿ ನಿಂತಳು.

ಪ್ರಭಾ ಮಣ್ಣಿನಲ್ಲಿ ಬಿದ್ದಿದ್ದಳು. ಎದ್ದಾಗ ಚೆಂಡಿನ ಕಡೆಗಾಗಲೀ ತಬಸ್ಸುಮ್ ಕಡೆಗಾಗಲೀ ನೋಡಲಿಲ್ಲ. ಜನವೆಲ್ಲ ನೋಡುತ್ತಿದ್ದ ಕಡೆಗೇ ನೋಡಿದಳು. ಮೇಜಿನ ಹಿಂದೆ ಮರಿಸ್ವಾಮಿ ಪೆನ್ನು ಹಿಡಿದು ಕುಳಿತಿದ್ದ.

ಹಿಟ್ಟು ಎಂದರೆ ತಬಸ್ಸುಮ್‌ಳ ಉಪವಾಸ ಮುರಿಯಿತು. ತಪ್ಪು ಎಂದರೆ ಪ್ರಭಾಳ ಹೆಸರಿಗೆ ಕಲೆ.

"ಹಿಟ್ಟೋ ತಪ್ಪೋ ಹೇಳಣ್ಣೋ!" ಎಂದು ರಾಶಿಯ ಮೇಲಿಂದ ಯಾರೋ ಕೂಗಿದರು. "ಮಗಳು ಅಂತ ಮುಳ್ಳು ಸರಿಸ್ಬ್ಯಾಡ!" ಎಂದು ಇನ್ನೊಬ್ಬ. ನಗು ಎದ್ದಿತು. ಕೆಟ್ಟ ನಗುವಲ್ಲ, ಊರಿನ ನಗು.

ಮೈಕು ಕರಕರ ಎಂದಿತು.

"ಶಾರ್ಟ್‌ಸ್ಟಾಪ್. ತಪ್ಪು."

ಜನ ಹೋ ಎಂದು ಎದ್ದರು. ಮಿಕ್ಕ ಇಬ್ಬರೂ ಔಟಾದರು, ನಾವು ಗೆದ್ದೆವು, ತಬಸ್ಸುಮ್‌ಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವಳು ಮೇಲಿಂದ ಕತ್ತು ತಿರುಗಿಸಿ ಪ್ರಭಾಳನ್ನು ಹುಡುಕುತ್ತಿದ್ದಳು. ಕ್ಯಾಂಟೀನಿನಲ್ಲಿ ಅಂದು ಮರಿಸ್ವಾಮಿಯದೇ ಹೊಗಳಿಕೆ. "ಹೆತ್ತ ಮಗಳು ಅಂದ್ರೂ ಬಿಡ್ಲಿಲ್ಲ ಕಣಯ್ಯಾ, ಏನ್ ಮನುಷ್ಯ!" ಶಾಮಿಯಾನದವರಲ್ಲಿ ಒಬ್ಬ ಆ ಹೊಡೆತದ ಹೊತ್ತಿಗೆ ಇಡ್ಲಿ ತಿನ್ನುತ್ತಿದ್ದನಂತೆ. ಇಬ್ಬರೂ ಮರಿಸ್ವಾಮಿಯ ಹಾಳೆಯನ್ನೇ ನೋಡಿದರು. ಬೆಳಿಗ್ಗೆ ಹೆಸರು ಹೇಳುತ್ತೇವೆ ಎಂದು ಗೆಸ್ಟ್‌ಹೌಸಿಗೆ ಹೋದರು.

ಸ್ಕೋರರ್ ತನ್ನ ತೀರ್ಪನ್ನು ಮರುದಿನದೊಳಗೆ ತಿದ್ದಬಹುದು ಎಂಬ ನಿಯಮವಿದೆ. ಅದನ್ನು ತಬಸ್ಸುಮ್‌ಗೆ ಹೇಳಿಕೊಟ್ಟಿದ್ದವನೂ ಮರಿಸ್ವಾಮಿಯೇ. ದೀಪ ಹಚ್ಚುವ ಹೊತ್ತಿಗೆ ಅವಳು ಮನೆಗೆ ಬಂದಳು. ಇನ್ನೂ ಕೂದಲಲ್ಲಿ ಮಣ್ಣಿತ್ತು.

"ಅಂಕಲ್, ಅದು ಹಿಟ್ಟೇ. ಗಾಡಿ ಜಾಡಿಗೆ ಬಡೀತು. ನಾನೇ ನೋಡ್ದೆ. ತಿದ್ದಿ."

"ನಿನ್ನ ಉಪವಾಸ ಹೋಯ್ತದಲ್ಲಮ್ಮ."

"ಹೋದ್ರೆ ಹೋಗ್ಲಿ ಬಿಡಿ. ರಂಜಾನ್ ಬರ್ತದಲ್ಲ, ಆಗ ಮಾಡ್ತೀನಿ."

ಒಳಗಿದ್ದ ಜಯಮ್ಮ ಫಕ್ಕನೆ ನಕ್ಕಳು. ಮರಿಸ್ವಾಮಿ ನಗಲಿಲ್ಲ.

"ಅದ ಹಿಡೀಬಹುದಿತ್ತು."

"ಯಾರು ಹಿಡೀಬಹುದಿತ್ತು ಅಂಕಲ್?"

"ಪ್ರಭಾ ಹಿಡೀತಾಳೆ. ಇದೇ ಹಿತ್ಲಲ್ಲಿ ಅದ್ಕಿಂತ ಕಷ್ಟದ್ದ ನಾನೇ ಎಸ್ದು ಹಿಡಿಸಿವ್ನಿ."

"ರೂಲಲ್ಲಿ ಪ್ರಭಾ ಅಂತ ಬರ್ದೈತಾ? ಸಾಧಾರಣ ಅಂತ ಬರ್ದೈತೆ. ನೀವೇ ಹೇಳ್ಕೊಟ್ಟಿದ್ದು."

ಮರಿಸ್ವಾಮಿ ಜೇಬಿನ ಎರಡೂ ಪೆನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡ. ಆಮೇಲೆ ತಲೆ ಎತ್ತದೆ ಹೇಳಿದ: "ಬೇರೆಯೋರ ಮಗಳಾಗಿದ್ರೆ ಹಿಟ್ಟು ಅಂತಿದ್ದೆ."

ನಡುಮನೆಯ ಬಾಗಿಲಲ್ಲಿ ಪ್ರಭಾ ನಿಂತಿದ್ದಳು. ನಾನು ಅವಳ ಕೈಯಲ್ಲಿದ್ದೆ. ಅವಳ ಬೆರಳುಗಳು ನನ್ನೊಳಗೆ ಒಂದೊಂದಾಗಿ ತಣ್ಣಗಾದದ್ದು ನನಗೆ ತಿಳಿಯಿತು.

"ಇನ್ನೊಂದ್ ಸಲ ಹೇಳಪ್ಪ."

"ಅಲ್ಲ ಕಣವ್ವ, ಈಗ ತಿದ್ದುದ್ರೆ ಊರೇನಂದದು? ಮಗಳಿಗೋಸ್ಕರ ಮರಿಸ್ವಾಮಿ ಮುಳ್ಳು ಸರಿಸ್ದ ಅಂತಾರೆ. ನಾಳೆ ತೂಕದ ಮನೇಲಿ ಯಾರು ನನ್ನ ನಂಬ್ತಾರೆ?"

"ಬೇರೆಯೋರ ಮಕ್ಳಿಗೆ ಸಿಗೋದು ನಿನ್ನ ಮಗಳಿಗೆ ಸಿಗಾಕಿಲ್ಲ ಅನ್ನು. ಅಷ್ಟೇ ಅನ್ನು, ಸಾಕು."

ಅವನು ಅಷ್ಟನ್ನೂ ಅನ್ನಲಿಲ್ಲ. ಬೆಳಿಗ್ಗೆ ಆರಿಸುವವರ ಜೀಪು ಹೊರಟಿತು. ಶಿಬಿರಕ್ಕೆ ತಬಸ್ಸುಮ್‌ಳ ಹೆಸರಿತ್ತು. ಶಾರ್ಟ್‌ಸ್ಟಾಪ್ ಜಾಗಕ್ಕೆ ಬೇರೆ ಊರಿನ, ಹಾಳೆಯಲ್ಲಿ ಒಂದೂ ತಪ್ಪಿಲ್ಲದ ಹುಡುಗಿಯ ಹೆಸರಿತ್ತು. ಆ ಹುಡುಗಿಯ ಕಡೆಗೆ ಅಂದು ಕಷ್ಟದ ಚೆಂಡೇ ಬಂದಿರಲಿಲ್ಲ.

ತಬಸ್ಸುಮ್ ಹೊರಡುವ ದಿನ ಪ್ರಭಾ ಕಾಂಪೌಂಡಿನ ಮೇಲಿಂದ ನನ್ನನ್ನು ಅವಳಿಗೆ ಕೊಟ್ಟಳು.

"ನಿಂದು ಹರ್ದೋಗದೆ. ಇದ ತಕೊಂಡ್ಹೋಗು."

"ಮತ್ತೆ ನಿಂಗೆ?"

"ನಂಗ್ಯಾಕೆ? ಬಂದೋರೆಲ್ಲ ನನ್ನ 'ತಪ್ಪು' ಅಂತ ಕರೀತಾವ್ರೆ. ಹೆಸರು ಚೆನ್ನಾಗದೆ, ಪ್ರಭಾಮಣಿಗಿಂತ ಚಿಕ್ಕದು."

ತಬಸ್ಸುಮ್ ಅತ್ತಳು. ಪ್ರಭಾ ಅಳಲಿಲ್ಲ. ನನ್ನನ್ನು ಮೊಣಕಾಲಿಗೆ ಬಡಿದು ಇರುವೆ ಉದುರಿಸಿ ಕೊಟ್ಟಳು.

ಆಮೇಲೆ ನಾನು ಊರೂರು ತಿರುಗಿದೆ. ತಬಸ್ಸುಮ್‌ಳ ಬೆರಳು ಪ್ರಭಾಳದಕ್ಕಿಂತ ಉದ್ದ. ಒಳಗೆಲ್ಲ ನಾನು ಮತ್ತೆ ಹಿಗ್ಗಬೇಕಾಯಿತು. ರೈಲಿನ ಮೇಲಿನ ಬರ್ತು, ಒದ್ದೆ ಟವೆಲ್ಲು, ಪರಭಾಷೆಯ ಬೈಗುಳ, ಕಬ್ಬಿಣದ ಬೀರು, ಎಲ್ಲ ನೋಡಿದೆ. ಅವಳಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಎಷ್ಟೋ ಗೆದ್ದಳು. ಯಾರಾದರೂ ಆ ಉಪವಾಸದ ಆಟದ ಬಗ್ಗೆ ಕೇಳಿದರೆ ಮಾತ್ರ "ಅದು ಲೆಕ್ಕಕ್ಕಿಲ್ಲ" ಎಂದು ಮಾತು ತಿರುಗಿಸುತ್ತಿದ್ದಳು. ಭುಜ ಕೆಟ್ಟು ಆಟ ಬಿಟ್ಟ ಮೇಲೆ ಒಂದು ಹಬ್ಬಕ್ಕೆ ಊರಿಗೆ ಬಂದು ನನ್ನನ್ನು ಹಿಂದಿರುಗಿಸಲು ಪ್ರಭಾಳನ್ನು ಹುಡುಕಿದಳು. ಪ್ರಭಾ ಅಷ್ಟರಲ್ಲಿ ಮದುವೆಯಾಗಿ ಮದ್ದೂರಿನಲ್ಲಿ ಹೊಲಿಗೆಯಂಗಡಿ ಇಟ್ಟಿದ್ದಳು. ತವರಿಗೆ ಬರುವುದು ಅಪರೂಪ. ಬಂದರೂ ತಂದೆಯೊಡನೆ ನೇರ ಮಾತಿಲ್ಲ. "ಊಟಕ್ಕೆ ಏಳಕ್ಕೆ ಹೇಳವ್ವ," "ಬಸ್ಸಿಗೆ ಹೊತ್ತಾಯ್ತು ಅಂತ ಹೇಳವ್ವ" ಎಂದು ಜಯಮ್ಮನ ಮೂಲಕ ಮಾತು. ಎದುರೆದುರು ಕೂತ ಇಬ್ಬರ ನಡುವೆ ಆ ಮುದುಕಿ ಅಂಚೆಯವಳಾಗಿದ್ದಳು.

ಮರಿಸ್ವಾಮಿಯ ಕೈಗೆ ಕೊಡಲು ಮನಸ್ಸಾಗದೆ ತಬಸ್ಸುಮ್ ನನ್ನನ್ನು ಕೆಂಪಣ್ಣನಿಗೆ ಒಪ್ಪಿಸಿದಳು. ಅವನು ನನ್ನನ್ನು ರೇಡಿಯೋ ಪಕ್ಕದ ಮೊಳೆಗೆ ತೂಗುಹಾಕಿದ. ಬೋಂಡಾದ ಹೊಗೆಯಲ್ಲಿ ನನ್ನ ಮುಪ್ಪು ಶುರುವಾಯಿತು. ಕಾರ್ಖಾನೆ ಮುಚ್ಚಿತು. ತೂಕದ ಕಟ್ಟೆಯ ಮೇಲೆ ಹುಲ್ಲು ಬೆಳೆಯಿತು. ಹುಡುಗಿಯರ ತಂಡವೂ ಇಲ್ಲವಾಯಿತು. ಆ ಒಂದು ಹೊಡೆತದ ವಾದ ಮಾತ್ರ ನಿಲ್ಲಲಿಲ್ಲ. ಕೆಲಸ ಕಳೆದುಕೊಂಡ ಗಂಡಸರಿಗೆ ಕೈಗೆ ಸಿಗುವಂಥ ವಿಷಯ ಬೇರೇನಿತ್ತು?

"ಇಲ್ಲಿಗೆ ತಗುಲಿರೋದು, ನೋಡು, ಈ ದಾರಕ್ಕೆ," ಎಂದು ಅಂತೋಣಿ ನನ್ನನ್ನು ಮೊಳೆಯಿಂದ ಇಳಿಸುತ್ತಿದ್ದ. "ತಗುಲ್ತಲ್ಲ? ತಪ್ಪು."

ಕೆಂಪಣ್ಣ ನನ್ನನ್ನು ಕೈಗೆ ಹಾಕಿಕೊಂಡು ಬೆಂಚಿನ ಮೇಲೆ ಅಡ್ಡ ಬಿದ್ದು, "ಈಗ ಎಸೀಲಾ ನೋಡಣ" ಎನ್ನುವನು. ಅಂತೋಣಿ ಒಂದು ಬೋಂಡಾ ಎಸೆಯುವನು. ಅದು ನನ್ನ ಬೆರಳಿಗೆ ಬಡಿದು ನೆಲಕ್ಕೆ ಬೀಳುವುದು.

"ಕ್ಯಾಂಟೀನ್ ಓನರ್, ತಪ್ಪು!" ಎಂದು ಎಲ್ಲರೂ ಒಟ್ಟಿಗೆ ಕೂಗುವರು.

ಇಂಥ ಹೊತ್ತಿನಲ್ಲಿ ಕೆಲವೊಮ್ಮೆ ಮರಿಸ್ವಾಮಿ ಬಂದುಬಿಡುತ್ತಿದ್ದ. ಯಾರೋ ನನ್ನನ್ನು ಅವಸರದಲ್ಲಿ ಮೊಳೆಗೆ ತೂಗುಹಾಕುವರು. ಯಾರಾದರೂ ಧೈರ್ಯ ಮಾಡಿ, "ಇವತ್ತಾದ್ರೂ ಹೇಳ್ಬಿಡು ಮರಿಸ್ವಾಮಣ್ಣ" ಎಂದರೆ, ಅವನದು ಒಂದೇ ಉತ್ತರ: "ಬರ್ದಾಗದೆ." ನನಗೆ ಬೆನ್ನು ಹಾಕಿ, ರಸ್ತೆ ನೋಡುತ್ತಾ ಟೀ ಕುಡಿದು ಹೋಗುತ್ತಿದ್ದ. ಅಂಗಿ ಈಗಲೂ ಬಿಳಿಯದೇ. ಆ ಬೆನ್ನು ವರ್ಷ ವರ್ಷ ಕುಗ್ಗುವುದನ್ನು ಮೊಳೆಯ ಮೇಲಿಂದ ನೋಡಿದವನು ನಾನೊಬ್ಬನೇ ಇರಬೇಕು.

ಒಂದು ಬೆಳಿಗ್ಗೆ ಅವನು ಬರಲಿಲ್ಲ. ಬಚ್ಚಲಲ್ಲಿ ಬಿದ್ದನಂತೆ. ಲಕ್ವ ಹೊಡೆದು ಬಲಗೈ, ಬಲಗಾಲು, ಜೊತೆಗೆ ಮಾತು ಹೋದವು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಪ್ರಭಾ ಮದ್ದೂರಿನಿಂದ ಬಂದಳು. ಫ್ಲಾಸ್ಕಿಗೆ ಹಾಲು ತುಂಬಿಸಿಕೊಳ್ಳಲು ಕ್ಯಾಂಟೀನಿಗೆ ಬಂದವಳು ಮೊಳೆಯ ಕಡೆ ನೋಡಿ ನಿಂತುಬಿಟ್ಟಳು. ಕೂದಲು ಅಲ್ಲಲ್ಲಿ ನರೆತಿತ್ತು. ನನ್ನನ್ನು ಗುರುತಿಸಲು ಅವಳಿಗೆ ಹೊತ್ತು ಹಿಡಿಯಲಿಲ್ಲ.

"ತಗೊಂಡ್ಹೋಗು ಕೂಸೆ," ಎಂದ ಕೆಂಪಣ್ಣ. "ನಿಂದೇಯ. ನಾವು ಸುಮ್ಕೆ ಕೂತು ಎಣ್ಣೆ ತಿನ್ನಿಸ್ತಿದ್ದೊ."

ಎಡಗೈಯಲ್ಲಿ ಏನಾದರೂ ಹಿಡಿಯುವ ಅಭ್ಯಾಸ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಅವಳು ತಂದೆಯ ಎಡಗೈಗೆ ನನ್ನನ್ನು ತೊಡಿಸಿದಳು. ನನ್ನನ್ನು ಕೊಂಡು ತಂದವನು ಆವರೆಗೆ ಒಮ್ಮೆಯೂ ನನ್ನೊಳಗೆ ಕೈ ಹಾಕಿರಲಿಲ್ಲ. ಒಣಗಿದ, ಹಗುರವಾದ, ನಡುಗುವ ಕೈ. ಅವಳು ಒಂದು ನಿಂಬೆಹಣ್ಣನ್ನು ಹಾಸಿಗೆಯ ಮೇಲೆ ಮೆಲ್ಲಗೆ ಉರುಳಿಸುವಳು. ಅವನು ನನ್ನನ್ನು ಅದರ ಮೇಲೆ ಮುಚ್ಚಲು ನೋಡುವನು. ಒಮ್ಮೊಮ್ಮೆ ಸಿಕ್ಕುವುದು. ಆಗ ಅವಳು "ಹೂಂ" ಎನ್ನುವಳು. ಮಾತಿಲ್ಲದವನೊಡನೆ ಅವಳು ಜಯಮ್ಮನ ಅಂಚೆಯಿಲ್ಲದೆ ಮಾತಾಡತೊಡಗಿದ್ದಳು.

ಒಂದು ಮಧ್ಯಾಹ್ನ ಬನ್ನು ತೆಗೆದುಕೊಂಡು ಬಂದ ಕೆಂಪಣ್ಣ ಬಾಗಿಲಲ್ಲಿ ನಿಂತಿದ್ದ. ನಿಂಬೆಹಣ್ಣು ಉರುಳಿತು. ದುಪ್ಪಟಿಯ ಮಡಿಕೆಗೆ ತಗುಲಿ ಪಕ್ಕಕ್ಕೆ ಹಾರಿತು. ನನ್ನ ತುದಿ ಸವರಿ ನೆಲಕ್ಕೆ ಬಿತ್ತು. ಮರಿಸ್ವಾಮಿ ಅದನ್ನು ನೋಡಲಿಲ್ಲ. ಮಗಳ ಮುಖ ನೋಡುತ್ತಿದ್ದ. ಸೊಟ್ಟಗಾದ ಬಾಯಿ ಬಹಳ ಹೊತ್ತು ಹೆಣಗಿ, ಎಷ್ಟೋ ದಿನಗಳ ಮೇಲೆ ಒಂದು ಪದ ಹೊರಗೆ ಹಾಕಿತು.

"ತಪ್ಪು."

ಪ್ರಭಾ ನಿಂಬೆಹಣ್ಣಿಗೆ ಬಗ್ಗಿದ್ದವಳು ಹಾಗೇ ನಿಂತಳು.

"ಯಾರ್ದಪ್ಪ? ನಂದಾ? ನಿಂದಾ?"

ಅವನು ನನ್ನನ್ನು ಎತ್ತಿದ. ಅರ್ಧದವರೆಗೆ ಎತ್ತಿದ. ಕೈ ಸೋತು ಹಾಸಿಗೆಯ ಮೇಲೆ ಬಿತ್ತು. ಆಮೇಲೆ ಅವನಿಂದ ಆ ಪದವೂ ಹೊರಡಲಿಲ್ಲ. ವಾರ ಕಳೆಯುವುದರೊಳಗೆ ತೀರಿಕೊಂಡ.

ತಿಥಿಯ ಊಟ ಮುಗಿಸಿ ಪ್ರಭಾ ಬಸ್ಸಿಗೆ ಕಾಯುತ್ತಾ ಕ್ಯಾಂಟೀನಿನ ಬೆಂಚಿನ ಮೇಲೆ ಕುಳಿತಳು. ನಾನು ಅವಳ ಮಡಿಲಲ್ಲಿದ್ದೆ. ಒಳಗೆ ಮುದುಕರು ಪಿಸುಗುಡುತ್ತಿದ್ದರು. ಹೊಸ ವಾದ.

"ತನ್ನದೇ ತಪ್ಪು ಅಂತ ಹೇಳವ್ನೆ ಕಣೋ. ನಾನೇ ಕಿವಿಯಾರ ಕೇಳ್ದೆ," ಎಂದ ಕೆಂಪಣ್ಣ.

"ನಿಂಬೆಹಣ್ಣು ಬಿತ್ತು, ತಪ್ಪು ಅಂದ. ಸ್ಕೋರರ್ ಅಲ್ವಾ, ಅಭ್ಯಾಸ," ಎಂದ ಅಂತೋಣಿ. ಆದರೆ ಅವನ ದನಿಯಲ್ಲಿ ಹಿಂದಿನ ಜೋರಿರಲಿಲ್ಲ. ಹೊರಗೆ ಬಂದು ತಲೆ ಕೆರೆದುಕೊಂಡು ನಿಂತ. "ಪ್ರಭಮ್ಮ, ನೀನೇ ಹೇಳವ್ವ. ಬಾಯಿ ಇದ್ದಾಗ್ಲೇ ಹೇಳ್ಬೋದಿತ್ತಲ್ಲ ಅವನು? ಅಷ್ಟು ವರ್ಷ ಇತ್ತಲ್ಲ?"

ಅವಳು ರಸ್ತೆಯ ಕಡೆ ನೋಡುತ್ತಲೇ ಹೇಳಿದಳು:

"ಅದು ಸಾಧಾರಣ ಶ್ರಮಕ್ಕೆ ಆಗೋ ಮಾತಲ್ಲ ಅಂತೋಣಣ್ಣ, ಅಪ್ಪನ ಕೈಲಿ."

ಅಂತೋಣಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಂಗಾರೆ... ಅವನ ಮೇಲೆ ತಪ್ಪು ಬರೆಯಂಗಿಲ್ಲ ಅಂತೀಯಾ?"

ಬಸ್ಸು ಬಂತು. ಅವಳು ನನ್ನನ್ನು ಕಂಕುಳಲ್ಲಿ ಒತ್ತಿಕೊಂಡು ಹತ್ತಿದಳು.

ಈಗ ನಾನು ಮದ್ದೂರಿನಲ್ಲಿ, ಅವಳ ಹೊಲಿಗೆ ಯಂತ್ರದ ಹಿಂದಿನ ಕಪಾಟಿನಲ್ಲಿ, ತುಂಡು ಬಟ್ಟೆಗಳ ಮೇಲಿದ್ದೇನೆ. ದಾರಗಳು ಕಿತ್ತುಹೋಗಿವೆ. ಅಂಗೈ ಸೀಳಿದೆ. ಯಂತ್ರ ನಿಂತಾಗ, ಅವಳು ಬಟ್ಟೆಗೆ ಸೂಜಿ ಹಾಕಿ ಸುಮ್ಮನೆ ಕೂತಾಗ, 'ನಂದಾ, ನಿಂದಾ' ಎಂದು ಇನ್ನೂ ಕೇಳಿಕೊಳ್ಳುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಕೈಗವಸಿನ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳಲು ನನಗೆ ಬಾಯಿಲ್ಲ. ಆದರೆ ಆ ಮಧ್ಯಾಹ್ನ ಅವನು ನನ್ನನ್ನು ಅರ್ಧ ಎತ್ತಿದಾಗ ನಾನು ಆ ಕೈಯಲ್ಲಿದ್ದೆ. ಅವಳಿಗೆ ಕಂಡದ್ದು ಬೀಳುವ ಕೈ. ಬೀಳುವ ಮೊದಲು ಮಣಿಕಟ್ಟು ತಿರುಗಿತ್ತು. ಬೆರಳುಗಳು ನನ್ನೊಳಗೆ ಮಡಚಿ, ಅವನ ಎದೆಯ ಕಡೆಗೆ ಹೊರಟಿದ್ದವು.